ಅಡಿಗೆಮನೆಯ ಹೊಸ ಸಲಕರಣೆಗಳೂ ಸಂಬಾರ ಪದಾರ್ಥಗಳೂ: ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಬಗೆ

ಹೊಸದೊಂದು ಭತ್ತದ ತಳಿಯೋ ರಾಗಿಯ ತಳಿಯೋ ಬಂದಿದೆಯೆಂದು ಕೇಳಿದ ಮಾತ್ರಕ್ಕೆ ತಿಳಿವಳಿಕೆಯುಳ್ಳ ಬೇಸಾಯಗಾರನು ತನ್ನ ಹೊಲವನ್ನೆಲ್ಲ ಅದಕ್ಕೆ ಬಿಟ್ಟುಕೊಡುವುದಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಗುಂಟೆ ನೆಲದಲ್ಲಿ ಹೊಸದನ್ನೂ, ಅದರ ಮಗ್ಗುಲಲ್ಲಿ ಅಷ್ಟೇ ನೆಲದಲ್ಲಿ ಹಳೆಯದನ್ನೂ ಬಿತ್ತಿ, ಎರಡಕ್ಕೂ ಒಂದೇ ಗೊಬ್ಬರ ಒಂದೇ ನೀರು ಕೊಟ್ಟು, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುತ್ತಾನೆ. ಆದರೆ ಅದೇ ಮನೆಯ ಅಡಿಗೆಮನೆಗೆ ಬರುವ ಸಾಮಾನುಗಳ ವಿಷಯದಲ್ಲಿ ಇಂತಹ ಎಚ್ಚರಿಕೆಯು ಅಪರೂಪವಾಗಿಯೇ ಇರುವುದು. ಜಾತ್ರೆಯಲ್ಲಿ ಮಾರುವವನು ಎರಡು ನಿಮಿಷ ತಿರುಗಿಸಿ ತೋರಿಸಿದ ಯಂತ್ರವನ್ನು ಕೊಂಡುತರುವುದೂ, ತಿಂಗಳೊಳಗಾಗಿ ಅದು ಅಟ್ಟವನ್ನೇರುವುದೂ ಅನೇಕ ಮನೆಗಳಲ್ಲಿ ನಡೆಯುತ್ತಿರುವ ಸಂಗತಿ. ಕೊಳ್ಳುವವರು ಒಬ್ಬರು, ಒಲೆಯ ಮುಂದೆ ನಿಲ್ಲುವವರು ಇನ್ನೊಬ್ಬರು ಆಗಿರುವುದೂ ಇದಕ್ಕೊಂದು ಕಾರಣವೆನ್ನಬಹುದು.

ಸಂಬಾರ ಪದಾರ್ಥಗಳ ಮಾತು ಇನ್ನೂ ವಿಚಿತ್ರವಾದುದು. ತಮ್ಮ ಹೊಲದ ಮೆಣಸಿನಕಾಯಿಯನ್ನೂ ಕೊತ್ತಂಬರಿ ಬೀಜವನ್ನೂ ಮೂಟೆಗಟ್ಟಿ ಪೇಟೆಗೆ ಸಾಗಿಸಿದ ಮನೆಯವರೇ, ಅದೇ ಪದಾರ್ಥಗಳ ಪುಡಿಯನ್ನು ಸಣ್ಣ ಪೊಟ್ಟಣಗಳಲ್ಲಿ ಕೊಂಡುತರುತ್ತಿರುವರು. ಮೂಟೆಗೆ ಬಂದ ದರವನ್ನೂ ಪೊಟ್ಟಣಕ್ಕೆ ಕೊಟ್ಟ ದರವನ್ನೂ ಒಂದೊಂದು ಕಿಲೋಗ್ರಾಮಿಗೆ ಲೆಕ್ಕ ಹಾಕಿ ಮಗ್ಗುಲಲ್ಲಿ ಬರೆದುಕೊಂಡರೆ ವ್ಯತ್ಯಾಸವೆಷ್ಟೆಂಬುದು ತಾನೇ ತಿಳಿಯುವುದು. ಆ ವ್ಯತ್ಯಾಸಕ್ಕೆ ತಕ್ಕ ಅನುಕೂಲವು ದೊರೆಯುತ್ತಿದ್ದರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ದೊರೆಯುತ್ತಿದೆಯೇ ಇಲ್ಲವೇ ಎಂಬುದನ್ನು ಅರಿಯುವುದು ಹೇಗೆಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಪರೀಕ್ಷೆಗೆ ತಕ್ಕ ಅಡಿಗೆ

ಹೊಲದಲ್ಲಿ ಪ್ರಯೋಗದ ತಾಕು ಇರುವಂತೆ ಅಡಿಗೆಮನೆಯಲ್ಲಿಯೂ ಒಂದು ಅಡಿಗೆಯನ್ನು ಪರೀಕ್ಷೆಗೆಂದು ಗೊತ್ತುಮಾಡಿಕೊಳ್ಳಬೇಕು. ಹಬ್ಬದ ಅಡಿಗೆಯು ಇದಕ್ಕೆ ತಕ್ಕುದಲ್ಲ. ಅದರಲ್ಲಿ ತುಪ್ಪ, ಬೆಲ್ಲ, ಗೋಡಂಬಿಗಳು ಸೇರಿ ಎಂತಹ ಲೋಪವನ್ನೂ ಮರೆಮಾಡುವುವು. ತೊಗರಿಬೇಳೆಯ ಸಾರು ಈ ಕೆಲಸಕ್ಕೆ ಬಹಳ ಒಳ್ಳೆಯದು. ಅದು ದಿನವೂ ಆಗತಕ್ಕ ಅಡಿಗೆ. ಮನೆಯವರೆಲ್ಲರ ನಾಲಗೆಗೂ ಅದರ ರುಚಿ ಗೊತ್ತು. ಬೇಳೆ ಬೇಯದಿದ್ದರೂ, ಪುಡಿ ಹಳತಾಗಿದ್ದರೂ, ಒಗ್ಗರಣೆ ಸೀದಿದ್ದರೂ ಅದು ಮುಚ್ಚಿಡುವುದಿಲ್ಲ.

ಪರೀಕ್ಷೆಯ ನಿಯಮವು ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಹೊಸ ಕುಕ್ಕರಿನಲ್ಲಿ ಹೊಸ ಅಂಗಡಿಯ ಬೇಳೆಯನ್ನು ಬೇಯಿಸಿ ಹೊಸ ಪುಡಿಯನ್ನು ಹಾಕಿದರೆ, ಸಾರು ಚೆನ್ನಾದರೂ ಕೆಟ್ಟರೂ ಕಾರಣವಾವುದೆಂದು ಯಾರೂ ಹೇಳಲಾರರು. ಬೇಳೆ, ನೀರು, ಉಪ್ಪುಗಳನ್ನು ಕಣ್ಣಳತೆಯಿಂದಲ್ಲದೆ ತಕ್ಕಡಿಯಿಂದಲೂ ಪಾವಿನಿಂದಲೂ ಅಳೆದು ಹಾಕುವುದು. ಅನುಭವಿಗಳ ಕೈಯಳತೆಯು ತಪ್ಪೆಂದು ಇದರ ಅರ್ಥವಲ್ಲ. ಆ ಕೈಯು ರುಚಿ ಕೆಡುವ ಸೂಚನೆ ಕಂಡೊಡನೆ ತನಗೆ ತಿಳಿಯದಂತೆಯೇ ಸರಿಪಡಿಸಿಬಿಡುವುದರಿಂದ ಹೋಲಿಕೆಯು ಸಾಧ್ಯವಾಗದು.

ರುಚಿ ನೋಡುವವರಿಗೆ ಯಾವುದು ಹೊಸದೆಂದು ಮೊದಲೇ ಹೇಳಕೂಡದು. ಆಹಾರ ಸಂಶೋಧನಾಲಯಗಳಲ್ಲಿ ಅನುಸರಿಸುವ ಕ್ರಮವೊಂದನ್ನು ಮನೆಯಲ್ಲಿಯೂ ಸುಲಭವಾಗಿ ಅನುಸರಿಸಬಹುದು. ಒಂದೇ ಬಗೆಯ ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದು ಸಾರನ್ನೂ, ಮೂರನೆಯದಕ್ಕೆ ಇನ್ನೊಂದನ್ನೂ ಒಂದೇ ಬಿಸಿಯಲ್ಲಿ ಬಡಿಸಿ, ಇವುಗಳಲ್ಲಿ ಬೇರೆಯಾದುದು ಯಾವುದೆಂದು ಕೇಳುವುದು. ಊಹೆಯಿಂದ ಹೇಳಿದರೂ ಮೂವರಲ್ಲಿ ಒಬ್ಬರ ಉತ್ತರವು ಸರಿಯಾಗಿಬಿಡಬಹುದಾದುದರಿಂದ ಇದನ್ನು ಒಂದೇ ಸಲ ಮಾಡಿ ಬಿಡದೆ, ಮನೆಯವರೆಲ್ಲರಿಂದಲೂ ಎರಡು ಮೂರು ದಿನ ಮಾಡಿಸಬೇಕು. ಬಣ್ಣದಲ್ಲಿ ಭೇದವಿದ್ದರೆ ಕಣ್ಣು ಮುಚ್ಚಿಸಿ ರುಚಿ ತೋರಿಸುವುದು. ಭೇದವನ್ನು ಯಾರೂ ಹಿಡಿಯದೆ ಹೋದರೆ, ಹೆಚ್ಚಿನ ಬೆಲೆಯ ಪದಾರ್ಥವು ರುಚಿಯ ಕಾರಣದಿಂದ ಆ ಮನೆಗೆ ಬೇಕಿಲ್ಲವೆಂದೇ ತಿಳಿಯಬಹುದು. ಮಕ್ಕಳಿಗೆ ಇದು ಆಟದಂತೆ ತೋರುವುದಲ್ಲದೆ ಅವರ ತೀರ್ಪು ದೊಡ್ಡವರದಕ್ಕಿಂತ ನಿರ್ದಾಕ್ಷಿಣ್ಯವಾಗಿಯೂ ಇರುವುದು.

ಪ್ರೆಷರ್ ಕುಕ್ಕರ್

ಹಬೆಯನ್ನು ಅದುಮಿಟ್ಟು ಬೇಯಿಸುವ ಯುಕ್ತಿಯು ಹೊಸದಲ್ಲ. ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬುವನು 1679ರಲ್ಲಿಯೇ ಎಲುಬುಗಳನ್ನು ಮೆತ್ತಗಾಗಿಸುವುದಕ್ಕೆ ಇಂತಹದೊಂದು ಭದ್ರವಾದ ಪಾತ್ರೆಯನ್ನು ರಚಿಸಿದನು. ಭಾರತದಲ್ಲಿ 1910ರಲ್ಲಿ ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ಎಂಬವರು ಕಂಡುಹಿಡಿದ ಇಕ್ಮಿಕ್ ಕುಕ್ಕರ್ ಒಂದರ ಮೇಲೊಂದು ಡಬರಿಗಳನ್ನಿಟ್ಟು ಕೆಳಗಿನ ಇದ್ದಿಲ ಕಾವಿನಿಂದ ಬೇಯಿಸುವ ಸಾಧನವಾಗಿದ್ದಿತೇ ಹೊರತು ಒತ್ತಡದ ಪಾತ್ರೆಯಾಗಿರಲಿಲ್ಲ. ಈಗಿನ ಕುಕ್ಕರುಗಳು 1959ರಿಂದೀಚೆಗೆ ನಮ್ಮ ದೇಶದ ಕಾರ್ಖಾನೆಗಳಲ್ಲಿ ತಯಾರಾಗಿ ಮನೆಮನೆಗೂ ಹಬ್ಬಿದುವು.

ಇದರ ಕೆಲಸವನ್ನು ತಿಳಿಯಬೇಕಾದರೆ ನೀರು ಕುದಿಯುವ ಬಗೆಯನ್ನು ತಿಳಿಯಬೇಕು. ಸಮುದ್ರತೀರದ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವು ಕಡಿಮೆಯಾದುದರಿಂದ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದು. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ತೆರೆದ ಪಾತ್ರೆಯ ಕೆಳಗೆ ಎಷ್ಟು ಸೌದೆಯನ್ನು ಉರಿಸಿದರೂ ನೀರಿನ ಕಾವು ಇದನ್ನು ಮೀರದು. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿಮಾಡುವುದಕ್ಕೇ ವ್ಯಯವಾಗುವುದು. ಕುಕ್ಕರಿನಲ್ಲಿ ಹಬೆಯು ಹೊರಹೋಗದೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಹೆಚ್ಚಿನ ಒತ್ತಡವುಂಟಾಗಿ ಕಾವು ಸುಮಾರು 120 ಡಿಗ್ರಿಗೆ ಏರುವುದು. ಆದುದರಿಂದ ಕಡಲತೀರದವರಿಗಿಂತ ಮೇಲುನಾಡಿನವರಿಗೆ ಈ ಪಾತ್ರೆಯ ಪ್ರಯೋಜನವು ಒಂದು ತೂಕ ಹೆಚ್ಚೆಂದೇ ಹೇಳಬೇಕು.

ಪರೀಕ್ಷಿಸುವುದು ಸುಲಭ. ಒಂದು ದಿನ ತೆರೆದ ಪಾತ್ರೆಯಲ್ಲಿಯೂ ಮರುದಿನ ಕುಕ್ಕರಿನಲ್ಲಿಯೂ ಒಂದೇ ತೂಕದ ಬೇಳೆಯನ್ನು ಬೇಯಿಸಿ, ಒಲೆಗೆ ಹಾಕುವ ಮುಂಚೆ ಸೌದೆಯನ್ನು ತೂಗಿ, ಆಮೇಲೆ ಉಳಿದುದನ್ನು ತೂಗುವುದು. ಗ್ಯಾಸ್ ಉಳ್ಳವರು 14.2 ಕಿಲೋಗ್ರಾಮಿನ ಸಿಲಿಂಡರು ಹತ್ತಿಸಿದ ದಿನವನ್ನೂ ಮುಗಿದ ದಿನವನ್ನೂ ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿಕೊಂಡರೆ ಸಾಕು. ಇಲ್ಲಿ ಅನೇಕರು ಮಾಡುವ ತಪ್ಪು ಯಾವುದೆಂದರೆ, ಕೂಗುಗಳನ್ನು ಎಣಿಸುತ್ತ ಕೊನೆಯವರೆಗೂ ದೊಡ್ಡ ಉರಿಯನ್ನೇ ಇಟ್ಟಿರುವುದು. ಪ್ರತಿಯೊಂದು ಕೂಗೂ ವ್ಯರ್ಥವಾಗಿ ಹೊರಬಿದ್ದ ಹಬೆಯೇ ಸರಿ. ಮೊದಲ ಕೂಗಾದೊಡನೆ ಉರಿಯನ್ನು ತಗ್ಗಿಸಿ ಗಡಿಯಾರ ನೋಡಿ ಬೇಯಿಸುವುದು ಮೇಲು. ಒಂದು ಕಂಪನಿಯ ಕುಕ್ಕರಿನ ಮೂರು ಕೂಗು ಇನ್ನೊಂದರ ಮೂರು ಕೂಗಿಗೆ ಸಮನಲ್ಲ; ಗಡಿಯಾರದ ನಿಮಿಷವಾದರೆ ಎಲ್ಲರ ಮನೆಯಲ್ಲಿಯೂ ಒಂದೇ.

ಬೇಳೆಯನ್ನು ಬೇಯಿಸುವಾಗ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಕೂಡದು. ಬೇಳೆಯ ನೊರೆಯು ಉಕ್ಕಿ ಹಬೆಯ ನಳಿಗೆಯನ್ನು ಮುಚ್ಚಿಬಿಡುವ ಅಪಾಯವುಂಟು. ಎರಡು ತೊಟ್ಟು ಎಣ್ಣೆಯನ್ನು ಹಾಕಿದರೆ ನೊರೆಯು ತಗ್ಗುವುದು. ಮುಚ್ಚಳವನ್ನು ಹಾಕುವ ಮುಂಚೆ ಆ ನಳಿಗೆಯನ್ನು ಬೆಳಕಿಗೆ ಹಿಡಿದು ತೆರೆದಿದೆಯೇ ಎಂದು ದಿನವೂ ನೋಡತಕ್ಕದ್ದು. ಸೇಫ್ಟಿ ವಾಲ್ವ್ ಕೆಟ್ಟರೆ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಬಿರಡೆಯನ್ನು ತುರುಕದೆ ಅದೇ ಕುಕ್ಕರಿಗೆ ಹೊಂದುವುದನ್ನೇ ಹಾಕಿಸಬೇಕು. ಈ ವಿಷಯದಲ್ಲಿ ಮಾತ್ರ ಯಾವ ಪ್ರಯೋಗಕ್ಕೂ ಎಡೆಯಿಲ್ಲ. ಸೊಪ್ಪು, ಸೋರೆ, ಸೌತೆ ಮುಂತಾದ ಬೇಗ ಬೇಯುವ ಪದಾರ್ಥಗಳಿಗೆ ಕುಕ್ಕರಿನಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ. ಅವು ಕರಗಿ ಹೋಗುವುದೇ ಹೆಚ್ಚು.

ಕುಕ್ಕರಿದ್ದರೂ ಬೇಳೆ ಬೇಯುವುದಿಲ್ಲವೆಂಬ ದೂರು ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ. ತಪ್ಪು ಪಾತ್ರೆಯದಲ್ಲ. ಕೊಳವೆಬಾವಿಯ ಗಡಸುನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥದೊಡನೆ ಸೇರಿ ಅದು ಕರಗದಂತೆ ಮಾಡುವುವು. ಮಳೆನೀರನ್ನು ಹಿಡಿದಿಟ್ಟು, ಅದರಲ್ಲಿ ಒಂದು ಹಿಡಿ ಬೇಳೆಯನ್ನೂ ಬಾವಿಯ ನೀರಿನಲ್ಲಿ ಒಂದು ಹಿಡಿಯನ್ನೂ ಬೇರೆ ಬೇರೆ ಬೇಯಿಸಿ ನೋಡಿದರೆ ಭೇದವು ಕಣ್ಣಿಗೆ ಕಟ್ಟುವುದು. ಬಾವಿಯ ನೀರೇ ಗತಿಯಾದವರು ಅದನ್ನು ಮುಂಚೆ ಕುದಿಸಿ ಆರಿಸಿ, ತಳಕ್ಕೆ ಬಿಳಿಯ ಹೊರೆ ಕಟ್ಟಿದ ಮೇಲೆ ತಿಳಿಯನ್ನು ಉಪಯೋಗಿಸಿದರೆ ಗಡಸಿನ ಒಂದು ಭಾಗವಾದರೂ ಕಳೆಯುವುದು. ಸೆಕೆಯಲ್ಲಿಯೂ ತೇವದಲ್ಲಿಯೂ ಬಹುಕಾಲ ಇದ್ದ ಹಳೆಯ ಬೇಳೆಯೂ ಬೇಯುವುದು ನಿಧಾನ. ಹುಣಿಸೆಹಣ್ಣಿನ ರಸವನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣವೂ ಇಂತಹದೇ. ಹುಳಿಯು ಬೇಳೆಯನ್ನು ಮೆತ್ತಗಾಗಗೊಡುವುದಿಲ್ಲ. ಕೆಲವರು ಅಡಿಗೆ ಸೋಡವನ್ನು ಹಾಕಿ ಬೇಗ ಬೇಯಿಸುವರು. ಸೋಡದಿಂದ ಬೇಳೆಯಲ್ಲಿರುವ ಬಿ ಒಂದನೆಯ ಜೀವಸತ್ವವು ನಾಶವಾಗುವುದಾದುದರಿಂದ, ಬೇಳೆಯೇ ಮುಖ್ಯವಾದ ಪುಷ್ಟಿಯಾಗಿರುವ ಮನೆಗಳಲ್ಲಿ ಇದು ಒಳ್ಳೆಯ ಅಭ್ಯಾಸವಲ್ಲ. ಅರ್ಧ ಗಂಟೆ ನೆನೆಹಾಕುವುದರಿಂದ ಖರ್ಚಿಲ್ಲದೆ ಬಹುಮಟ್ಟಿಗೆ ಅದೇ ಫಲ ಸಿಕ್ಕುವುದು.

ಕುಕ್ಕರನ್ನು ಕೊಳ್ಳಲಾರದವರು ಹುಲ್ಲಿನ ಪೆಟ್ಟಿಗೆಯನ್ನು ಪರೀಕ್ಷಿಸಬಹುದು. ಹಳೆಯ ಪೆಟ್ಟಿಗೆಯಲ್ಲಿಯೋ ಬುಟ್ಟಿಯಲ್ಲಿಯೋ ಒಣಹುಲ್ಲನ್ನು ಒತ್ತಾಗಿ ತುಂಬಿ ನಡುವೆ ಗೂಡುಮಾಡಿ, ಕೊತಕೊತನೆ ಕುದಿಯುತ್ತಿರುವ ಅನ್ನದ ಪಾತ್ರೆಯನ್ನು ಮುಚ್ಚಳಸಹಿತ ಅದರಲ್ಲಿಟ್ಟು, ಮೇಲೆ ಗೋಣಿಯನ್ನು ದಪ್ಪವಾಗಿ ಹೊದಿಸುವುದು. ಒಲೆಯು ಆರಿದ್ದರೂ ಅನ್ನವು ಒಳಗಿನ ಕಾವಿನಿಂದಲೇ ಬೇಯುವುದು. ತೆಗೆಯುವಾಗ ಅದು ಇನ್ನೂ ಸುಡುವಂತಿರಬೇಕು; ಉಗುರುಬೆಚ್ಚಗೆ ಬಹುಹೊತ್ತು ನಿಂತ ಅನ್ನವು ಕೆಡುವ ಸಂಭವವುಂಟು. ಸೌದೆಯ ಒಲೆಯನ್ನೇ ನೆಚ್ಚಿದವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಶಾಖೆಯವರು ಒಂದೇ ಬೆಂಕಿಯಿಂದ ಮೂರು ಪಾತ್ರೆಗಳು ಕಾಯುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಸಾಗಿಸುವ ಅಸ್ತ್ರ ಒಲೆಯನ್ನು ರಚಿಸಿದುದು ಬಹುಜನರಿಗೆ ತಿಳಿದ ವಿಷಯ.

ಒರಳು, ಗ್ರೈಂಡರು, ಮಿಕ್ಸಿ

ಒರಳುಕಲ್ಲಿನ ರುಚಿಯು ಯಂತ್ರಕ್ಕೆ ಬಾರದೆಂಬ ಮಾತಿನಲ್ಲಿ ಅರ್ಧ ನಿಜವಿದೆ. ಮಿಕ್ಸಿಯ ಅಲಗು ಒಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಪದಾರ್ಥವನ್ನು ಕತ್ತರಿಸುವುದು. ಆ ವೇಗದಿಂದ ಕಾವು ಹುಟ್ಟುವುದು. ಕಲ್ಲಾದರೋ ನಿಧಾನವಾಗಿ ಜಜ್ಜಿ ಅರೆಯುವುದು. ಇಡ್ಲಿಗೆ ಉದ್ದನ್ನು ರುಬ್ಬುವಾಗ ಈ ಭೇದವು ಚೆನ್ನಾಗಿ ತೋರುವುದು. ಕಲ್ಲಿನಲ್ಲಿ ರುಬ್ಬಿದ ಉದ್ದಿನ ಹಿಟ್ಟು ಗಾಳಿಯನ್ನು ಹಿಡಿದು ಹೂವಿನಂತೆ ಉಬ್ಬುವುದು; ಮಿಕ್ಸಿಯದು ಬಿಸಿಯಾಗಿ ಅಷ್ಟು ಉಬ್ಬದು. ಎರಡು ಹಿಟ್ಟುಗಳಿಂದಲೂ ಒಂದೊಂದು ಚಮಚದಷ್ಟನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡಬಹುದು; ಗಾಳಿ ತುಂಬಿದ ಹಿಟ್ಟು ತೇಲುವುದು. ಮಿಕ್ಸಿ ಒಂದೇ ಇದ್ದವರು ತಣ್ಣೀರನ್ನು ಹಾಕಿ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ರುಬ್ಬಿದರೆ ಬಹುಮಟ್ಟಿಗೆ ಸರಿಹೋಗುವುದು. ಕಲ್ಲನ್ನೇ ವಿದ್ಯುತ್ತಿನಿಂದ ತಿರುಗಿಸುವ ವೆಟ್ ಗ್ರೈಂಡರುಗಳ ತಯಾರಿಕೆಗೆ ಕೊಯಮತ್ತೂರು ಹೆಸರಾದ ಸ್ಥಳ.

ವಿದ್ಯುತ್ತಿನ ಖರ್ಚಿನ ಬಗ್ಗೆ ತಪ್ಪುತಿಳಿವಳಿಕೆ ಇದೆ. 750 ವ್ಯಾಟಿನ ಮಿಕ್ಸಿಯನ್ನು ಐದು ನಿಮಿಷ ನಡೆಯಿಸಿದರೆ ತಗಲುವ ವಿದ್ಯುತ್ತು 62 ವ್ಯಾಟ್-ಗಂಟೆ. 150 ವ್ಯಾಟಿನ ಗ್ರೈಂಡರನ್ನು ಅರ್ಧ ಗಂಟೆ ನಡೆಯಿಸಿದರೆ 75. ಒಂದು ಯೂನಿಟ್ಟೆಂದರೆ 1000 ವ್ಯಾಟ್-ಗಂಟೆಯಾದುದರಿಂದ ಈ ಭೇದವು ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬರತಕ್ಕದ್ದು ಹೆಂಗಸರ ಹೊತ್ತು ಮತ್ತು ರಟ್ಟೆಯ ಶ್ರಮ. ದಿನಕ್ಕೆ ಒಂದು ಗಂಟೆಯಂತೆ ಒರಳಿನ ಮುಂದೆ ಕಳೆದರೆ ವರ್ಷಕ್ಕೆ 365 ಗಂಟೆ. ಎಂಟು ಗಂಟೆಯ ಆಳಿನ ಲೆಕ್ಕದಲ್ಲಿ ಅದು 45 ದಿನಗಳಿಗೂ ಮಿಕ್ಕಿತು. ಹೊಲದಲ್ಲಿ 45 ಆಳು ಉಳಿಸುವ ಸಲಕರಣೆಯಿದ್ದರೆ ಯಾವ ಯಜಮಾನನೂ ಹಿಂದುಮುಂದು ನೋಡುತ್ತಿರಲಿಲ್ಲ. ತರಕಾರಿ ಹೆಚ್ಚುವ ಬಗೆಬಗೆಯ ಸಣ್ಣ ಯಂತ್ರಗಳ ಮಾತಾದರೋ ಬೇರೆ. ಅವನ್ನು ಬಿಚ್ಚಿ ತೊಳೆದು ಒರಸಿಡುವ ಹೊತ್ತನ್ನೂ ಸೇರಿಸಿ ಎಣಿಸಿದರೆ, ನಾಲ್ಕೈದು ಜನರ ಮನೆಗೆ ಈಳಿಗೆಮಣೆಯೇ ಬೇಗ.

ಸಂಬಾರ ಪದಾರ್ಥಗಳ ಗುಣ

ಸಂಬಾರ ಪದಾರ್ಥಗಳನ್ನು ಪರೀಕ್ಷಿಸುವವರು, ಆಯಾ ಪದಾರ್ಥದ ಸತ್ವವು ಯಾವುದರಿಂದ ಹೊರಬರುವುದೆಂಬುದನ್ನು ತಿಳಿದಿರಬೇಕು. ಎಲ್ಲವನ್ನೂ ಒಟ್ಟಿಗೆ ಎಣ್ಣೆಗೆ ಸುರಿಯುವವರು ಅರ್ಧ ಸತ್ವವನ್ನು ಹೊಗೆಗೆ ಒಪ್ಪಿಸುವರು.

ಸಾಸಿವೆಯು ಇದಕ್ಕೆ ಒಳ್ಳೆಯ ನಿದರ್ಶನ. ಇಡಿಯ ಕಾಳಿಗೆ ವಾಸನೆಯೇ ಇಲ್ಲ. ಕಾಳಿನೊಳಗೆ ಘಾಟಿಗೆ ಮೂಲವಾದ ಪದಾರ್ಥವೂ, ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆಯಾಗಿರುವುವು. ತಣ್ಣೀರಿನೊಡನೆ ಅರೆದಾಗ ಇವೆರಡೂ ಕಲೆತು ಮೂಗಿಗೇರುವ ಘಾಟು ಹುಟ್ಟುವುದು. ಕಾವು ತಗಲಿದರೆ ಕಿಣ್ವವು ಸತ್ತುಹೋಗುವುದರಿಂದ, ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಘಾಟಿಲ್ಲದೆ ಹುರಿದ ಬೀಜದ ಕಮ್ಮನೆಯ ರುಚಿ ಬರುವುದು. ಒಂದು ಚಮಚ ಸಾಸಿವೆಯನ್ನು ಎರಡು ಪಾಲುಮಾಡಿ, ಒಂದನ್ನು ಹಸಿಯಾಗಿಯೇ ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಬಿಟ್ಟು, ಇನ್ನೊಂದನ್ನು ಸಿಡಿಸಿ ಅರೆದು, ಎರಡನ್ನೂ ಮೂಸಿ ನೋಡಿದರೆ ಸಾಕು. ಮಲೆನಾಡಿನವರು ಮಾವಿನ ಹಣ್ಣಿನ ಸಾಸಿವೆಗೆ ಹಸಿಯ ಸಾಸಿವೆಯನ್ನು ತೆಂಗಿನಕಾಯಿಯೊಡನೆ ಅರೆದು, ಅದನ್ನು ಕುದಿಸದೆ ಬಿಡುವುದು ಇದೇ ಕಾರಣದಿಂದ. ಬೆಳ್ಳುಳ್ಳಿಯ ಸ್ವಭಾವವೂ ಹೀಗೆಯೇ. ಜಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ಅದರ ಖಾರವು ಬಲಿಯುವುದು.

ಮೆಣಸಿನಕಾಯಿಯ ಬಣ್ಣವೂ ಖಾರವೂ ಎರಡೂ ಎಣ್ಣೆಯಲ್ಲಿ ಕರಗತಕ್ಕುವು, ನೀರಿನಲ್ಲಿ ಕರಗವು. ಖಾರ ಹತ್ತಿದವರು ನೀರು ಕುಡಿದರೆ ತಣಿಯದೆ ಹಾಲು ಮಜ್ಜಿಗೆಗಳಿಂದ ತಣಿಯುವುದು ಇದರಿಂದಲೇ. ಖಾರವು ಬೀಜದಲ್ಲಿದೆಯೆಂಬ ನಂಬಿಕೆ ಸರಿಯಲ್ಲ. ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ ಅದು ಹೆಚ್ಚಾಗಿರುವುದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನು ಪಡೆದ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಹೊಂದಿದ ಮೆಣಸಿನಕಾಯಿಯು ಸುಕ್ಕುಸುಕ್ಕಾಗಿ, ಕಡುಗೆಂಪಾಗಿ, ಖಾರ ಕಡಿಮೆಯಾಗಿರುವುದು. ಗುಂಟೂರಿನದು ಖಾರದಲ್ಲಿ ಮುಂದು, ಬಣ್ಣದಲ್ಲಿ ಹಿಂದು. ಎರಡನ್ನೂ ಸಮತೂಕ ತೆಗೆದುಕೊಂಡು ಒಂದೇ ಅಳತೆಯ ಎಣ್ಣೆಯಲ್ಲಿ ಬೇರೆ ಬೇರೆ ಬಾಡಿಸಿ, ಎಣ್ಣೆಯ ಬಣ್ಣವನ್ನೂ ಸಾರಿನ ಖಾರವನ್ನೂ ಹೋಲಿಸಿ, ಮನೆಗೆ ಬೇಕಾದ ಮಿಶ್ರಣವನ್ನು ಗೊತ್ತುಮಾಡಿಕೊಳ್ಳಬಹುದು.

ಸಾರಿನ ಪುಡಿಗೆ ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯಗಳನ್ನು ಒಂದೊಂದಾಗಿಯೇ ಹುರಿಯತಕ್ಕದ್ದು. ಕೊತ್ತಂಬರಿಯು ಹದಕ್ಕೆ ಬರುವಷ್ಟರಲ್ಲಿ ಜೊತೆಗಿದ್ದ ಜೀರಿಗೆಯು ಕಪ್ಪಾಗಿರುವುದು. ಹೆಚ್ಚು ಹುರಿದ ಮೆಂತ್ಯವು ಇಡಿಯ ಪುಡಿಯನ್ನೇ ಕಹಿಮಾಡುವುದು. ಇಡಿಯ ಕಾಳಿನಲ್ಲಿ ಸುಗಂಧದ ಎಣ್ಣೆಯು ಸಿಪ್ಪೆಯೊಳಗೆ ಭದ್ರವಾಗಿರುವುದು. ಪುಡಿಮಾಡಿದೊಡನೆ ಗಾಳಿಗೆ ಆರತೊಡಗುವುದು. ಆದುದರಿಂದ ಕಾಳುಗಳನ್ನು ಹಾಗೆಯೇ ಇಟ್ಟುಕೊಂಡು ಹದಿನೈದು ದಿನಕ್ಕೆ ಆಗುವಷ್ಟನ್ನೇ ಪುಡಿಮಾಡಿಕೊಳ್ಳುವುದು ಒಳ್ಳೆಯದು. ಮಿಕ್ಸಿಯು ತನ್ನ ಬೆಲೆಯನ್ನು ನಿಜವಾಗಿ ತೀರಿಸುವುದು ಈ ಕೆಲಸದಲ್ಲಿ. ಹೊಸದಾಗಿ ಕುಟ್ಟಿದ ಪುಡಿ, ಎರಡು ತಿಂಗಳ ಹಿಂದೆ ಒಡೆದ ಪೊಟ್ಟಣದ ಪುಡಿ, ಇವುಗಳ ಮೇಲೆ ಮೂರು ಬಟ್ಟಲಿನ ಪರೀಕ್ಷೆಯನ್ನು ಮಾಡಿದ ಮನೆಯವರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ.

ಇಂಗು ಇರಾನ್ ಮತ್ತು ಆಫ್ಘಾನಿಸ್ತಾನಗಳ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅಂಗಡಿಯಲ್ಲಿ ಸಿಕ್ಕುವ ಕೂಟು ಇಂಗಿನಲ್ಲಿ ಹಿಟ್ಟನ್ನೂ ಗೋಂದನ್ನೂ ಬೆರೆಸಿರುವರು. ಅದು ಮೋಸವಲ್ಲ, ಅಪ್ಪಟ ಇಂಗು ಅಡಿಗೆಗೆ ಬಲು ತೀಕ್ಷ್ಣ. ಆದರೆ ಒಂದು ಡಬ್ಬಿಯ ಚಿಟಿಕೆಯು ಇನ್ನೊಂದು ಡಬ್ಬಿಯ ಚಿಟಿಕೆಗೆ ಸಮನಾಗದೆ ಇರುವುದಕ್ಕೆ ಇದೇ ಕಾರಣ. ಭಾರತದಲ್ಲಿ ಇದನ್ನು ಬೆಳೆಯುವ ಪ್ರಯತ್ನವು 2020ರ ಅಕ್ಟೋಬರಿನಲ್ಲಿ ಹಿಮಾಚಲಪ್ರದೇಶದ ಲಾಹೌಲ್ ಕಣಿವೆಯಲ್ಲಿ ಆರಂಭವಾಯಿತು.

ಒಗ್ಗರಣೆಯ ಅನುಕ್ರಮವು ಈ ಗುಣಗಳನ್ನೇ ಅನುಸರಿಸುವುದು. ಮೊದಲು ಹೆಚ್ಚಿನ ಕಾವನ್ನು ಬೇಡುವ ಸಾಸಿವೆ, ಅದರ ಸದ್ದು ತಗ್ಗುತ್ತಿರುವಂತೆ ಮೆಣಸಿನಕಾಯಿ, ಉರಿ ತಗ್ಗಿಸಿ ಕರಿಬೇವು, ಕೊನೆಗೆ ಇಂಗು. ಇಂಗನ್ನು ಮೊದಲೇ ಹಾಕಿದ ಒಗ್ಗರಣೆಯ ವಾಸನೆಯು ಬೀದಿಗೆ ಹೋಗುವುದು, ಸಾರಿಗೆ ಬಾರದು.

ಕೊಂಡ ಪುಡಿಯ ಶುದ್ಧತೆ

ಕೊಂಡೇ ತೀರಬೇಕಾದವರು 1937ರ ಕಾಯಿದೆಯಂತೆ ಜಾರಿಗೆ ಬಂದ ಆಗ್‌ಮಾರ್ಕ್ ಮುದ್ರೆಯನ್ನೂ, ಕಟ್ಟಿದ ತಾರೀಖನ್ನೂ ನೋಡಿ ಕೊಳ್ಳುವುದು. ಬಿಡಿಯಾಗಿ ಕೊಂಡ ಅರಿಸಿನದ ಪುಡಿಯನ್ನು ಒಂದು ಲೋಟ ನೀರಿನ ಮೇಲೆ ಉದುರಿಸಿ ಕದಲಿಸದೆ ಬಿಟ್ಟರೆ, ಶುದ್ಧವಾದುದು ತಳಕ್ಕಿಳಿದು ನೀರು ತೆಳುವಾದ ಹಳದಿಯಾಗುವುದು. ನೀರೆಲ್ಲ ಗಾಢವಾದ ಹಳದಿಯಾದರೆ ಬಣ್ಣವನ್ನು ಬೆರೆಸಿರುವರೆಂದು ಸಂಶಯಪಡಬೇಕು. ಮೆಣಸಿನ ಪುಡಿಯನ್ನು ಹೀಗೆಯೇ ಉದುರಿಸಿದಾಗ ಕೆಂಪು ಗೆರೆಗಳು ಇಳಿಯತೊಡಗಿದರೆ ಅದು ನೀರಿನಲ್ಲಿ ಕರಗುವ ಕೃತಕ ಬಣ್ಣ. ತಳದಲ್ಲಿ ನಿಂತ ಗಸಿಯನ್ನು ಬೆರಳಿನಿಂದ ಉಜ್ಜಿದಾಗ ಮರಳಿನಂತೆ ಕರಕರ ಎಂದರೆ ಇಟ್ಟಿಗೆಯ ಪುಡಿಯಿರಬಹುದು.

ಮನೆಯಲ್ಲಿ ಒಣಗಿಸುವ ಮೆಣಸಿನಕಾಯಿಯನ್ನು ಬರಿಯ ನೆಲದ ಮೇಲೆ ಹರಡದೆ ಶುಚಿಯಾದ ಚಾಪೆಯ ಮೇಲೆ ಹರಡಿ, ಸಂಜೆಯ ಇಬ್ಬನಿಗೆ ಮುಂಚೆ ಒಟ್ಟುಮಾಡಿ ಮುಚ್ಚಬೇಕು. ತೇವದಿಂದ ಬರುವ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟಬಹುದು, ಅದು ಬೇಯಿಸಿದರೂ ಹೋಗದು. ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ಎಸೆಯುವುದೇ ಸರಿ. ಪುಡಿಯನ್ನು ಒಣಗಿದ ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಒಲೆಯಿಂದ ದೂರದ ಗೂಡಿನಲ್ಲಿಡುವುದು. ಒದ್ದೆ ಚಮಚವನ್ನು ಹಾಕಕೂಡದು; ಪುಡಿಮಾಡಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಭರಣಿಗೆ ಅಂಟಿಸತಕ್ಕದ್ದು.